ಒಂದು ಗೇಣು ಆಳ

ಆರಡಿ ಮೂರಡಿ. ನನ್ನ ಕೈಗೆ ಗೊತ್ತಿದ್ದದ್ದು ಅದೊಂದೇ ಅಳತೆ.
ಇಪ್ಪತ್ತಾರು ವರ್ಷ ಮಾಲ್ದಾರೆ ರಸ್ತೆಯ ಈ ಸಣ್ಣ ಇಗರ್ಜಿಯಲ್ಲಿ
ಗಂಟೆ ಹೊಡೆದವನು, ಕುಣಿ ತೋಡಿದವನು ನಾನೇ.
ಫಾದರ್ ಸಿಪ್ರಿಯನ್ ಬಂದ ವರ್ಷ ಕರೆದು ಹೇಳಿದರು:
"ಬಾಸ್ತ್ಯಾಂವ್, ಮರಗೆಣಸಿಗೆ ಒಂದು ಗೇಣು ಆಳ ಸಾಕು."

ಒಂದು ಗೇಣು!
ಹಾರೆಗೆ ನಂಬಿಕೆ ಬರಲಿಲ್ಲ.
ಮೊದಲ ದಿನ ಸೊಂಟದವರೆಗೂ ಇಳಿದುಬಿಟ್ಟಿದ್ದೆ.
ಮೇಲೆ ನಿಂತು ಎರವರ ಬೊಳ್ಚಿ ನಕ್ಕಳು:
"ಯಾರನ್ನು ಮಲಗಿಸುತ್ತೀ ಇದರಲ್ಲಿ?"

ಸಿಮಿತ್ರಿಗೆ ತಾಗಿದ ಅರ್ಧ ಎಕರೆ, ಮುದಿ ರೋಬಸ್ಟ.
ಕಾಫಿಗೆ ಬಂಗಾರದ ಬೆಲೆ ಬಂದ ವರ್ಷ
ಗಿಡ ಕೀಳುತ್ತಾರೆಯೇ ಯಾರಾದರೂ?
ಲಿಗೋರಿ ಮಾಸ್ಟರು ಲೆಕ್ಕದ ಪುಸ್ತಕ ಬಿಚ್ಚಿ ಬೆರಳಿಟ್ಟು ತೋರಿಸಿದರು.
ಫಾದರು ಬೈಬಲ್ ತೆಗೆಯಲಿಲ್ಲ.
ಕಕ್ಕಡದ ಮಳೆಗೆ ತೋಟದ ಕೆಲಸ ನಿಲ್ಲುತ್ತದೆ,
ಕೂಲಿ ನಿಲ್ಲುತ್ತದೆ,
ಲೈನ್ ಮನೆಗಳಲ್ಲಿ ಹಸಿವು ಮಾತ್ರ ರಜೆ ಹಾಕುವುದಿಲ್ಲ
ಎಂದು ಹೇಳಿ, ಚಹಾ ಕುಡಿದು, ಎದ್ದರು.

ಕಡೆಯ ದಿನ ಎಲ್ಲರೂ ಏಳುತ್ತಾರೆ
ಎಂದು ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದೇನೆ.
ನನ್ನ ಕುಣಿಗಳಿಂದ ಈತನಕ ಯಾರೂ ಎದ್ದಿಲ್ಲ, ಸುಳ್ಳೇಕೆ ಹೇಳಲಿ.
ನೆಟ್ಟ ಮರಗೆಣಸಿನ ಕಡ್ಡಿ ಒಂಬತ್ತನೇ ಬೆಳಗ್ಗೆ
ಕೆಂಪು ಚಿಗುರು ಚಾಚಿತ್ತು.
ಆವತ್ತು ಆರು ಗಂಟೆಯ ಗಂಟೆ ಹೊಡೆದದ್ದು
ಆರೂ ಕಾಲಿಗೆ.

ಗೋಡೆಯ ಬುಡಕ್ಕೆ ಬೊಳ್ಚಿ
ಕಾಡಿನ ನೂರೆ ಗೆಣಸಿನ ಬಳ್ಳಿ ತಂದು ಊರಿದಳು.
"ಅಗೆಯುವಾಗ ತಲೆ ಮಣ್ಣಿನಲ್ಲೇ ಬಿಡಬೇಕು.
ತಲೆಯನ್ನೂ ತಿಂದರೆ ಮುಂದಿನ ವರ್ಷ ಮಣ್ಣನ್ನೇ ತಿನ್ನು."
ಪ್ರಸಂಗ ಅಷ್ಟೇ. ಎಲೆಯಡಿಕೆ ಉಗಿದು ಹೋದಳು.

ಪುತ್ತರಿಗೆ ಒಂದು ವಾರ ಇತ್ತು.
ರಾತ್ರಿ ಆನೆಗಳು ಬಂದವು, ಮೂರೋ ನಾಲ್ಕೋ.
ನಾನು ಗಂಟೆ ಹೊಡೆದೆ, ಹೊಡೆದೇ ಹೊಡೆದೆ.
ಅವು ಪೂಜೆಗೆ ಬಂದವರ ಹಾಗೆ
ಸಾವಕಾಶವಾಗಿ ತಿಂದು ಹೋದವು.
ಬೆಳಗಾದಾಗ ಅರ್ಧ ಬೆಳೆ ಇಲ್ಲ,
ಹನ್ನೆರಡಡಿ ಕಾಂಪೌಂಡು ಇಲ್ಲ.
"ನಾನು ಹೇಳಿರಲಿಲ್ಲವೇ?" ಎಂದರು ಲಿಗೋರಿ ಮಾಸ್ಟರು.
ಹೇಳಿದ್ದರು.

ಗೋಡೆಗೆ ನಲವತ್ತೆರಡು ಸಾವಿರದ ಕೊಟೇಶನ್ ಬಂತು,
ದುಡ್ಡು ಬರಲಿಲ್ಲ.
ಅಷ್ಟರಲ್ಲಿ ಆ ಸಂದಿಯಿಂದ ಜನ ಬರತೊಡಗಿದರು.
ಮುಂದಿನ ಕಬ್ಬಿಣದ ಗೇಟು ಯಾವತ್ತೂ ತೆರೆದೇ ಇತ್ತು,
ಮಾತೆಯ ಗವಿ ದಾಟಿ, ಕಾರು ನಿಂತಲ್ಲಿಂದ ನಡೆದು ಬರಬೇಕಿತ್ತು.
ಅಲ್ಲಿಂದ ಅವರು ಬಂದದ್ದೇ ಇಲ್ಲ.
ಆನೆ ಒಡೆದ ದಾರಿಗೆ ಯಾರ ಅಪ್ಪಣೆ?
ಅಸ್ಸಾಮಿನ ಹಾಸಿನಾ ಮಗುವನ್ನು ಸೊಂಟಕ್ಕೇರಿಸಿ ಬಂದಳು,
ನಾವು ಕಿತ್ತೆಸೆಯುತ್ತಿದ್ದ ಕುಂಬಳದ ಕುಡಿಗಳನ್ನು
ಹೂವಿನ ಹಾಗೆ ಆರಿಸಿ ಮಡಿಲು ತುಂಬಿಕೊಂಡಳು.
ನಲವತ್ತು ಸೇರು ಕೆಸುವಿನ ಗೆಡ್ಡೆ ಆ ವಾರವೇ ಖಾಲಿ.

ಮರುವರ್ಷ ಲಿಗೋರಿ ಮಾಸ್ಟರು ತೀರಿಕೊಂಡರು.
ಕೊಟೇಶನ್ ಇನ್ನೂ ಕಿಸೆಯಲ್ಲೇ ಇತ್ತಂತೆ.
ಆರಡಿ ಮೂರಡಿ, ಗೋಡೆಯ ಕಡೆಗೆ ಜಾಗ.
ನಾಲ್ಕಡಿ ಇಳಿದಿದ್ದೆ, ಹಾರೆಗೆ ಮೆತ್ತಗೆ ಏನೋ ತಾಗಿತು.
ನೂರೆ. ತೋಳಿನುದ್ದ, ಬೆಳ್ಳಗೆ,
ಇಷ್ಟು ದೂರ ಕತ್ತಲಲ್ಲಿ ತಾನೇ ದಾರಿ ಮಾಡಿಕೊಂಡು ಬಂದದ್ದು.
ಮಣ್ಣು ಒರೆಸಿ ಗೋಣಿಚೀಲದಡಿ ಇಟ್ಟೆ.
ಮಾಸ್ಟರನ್ನು ಇಳಿಸಿದೆವು, ಒಂದೊಂದು ಹಿಡಿ ಮಣ್ಣು ಹಾಕಿದೆವು.

ಫಾದರಿಗೆ ಈತನಕ ಹೇಳಿಲ್ಲ.
ಸಂಜೆ ಬೊಳ್ಚಿಗೆ ಮಾತ್ರ ತೋರಿಸಿದೆ.
ಹೆದರಿಯಾಳು, ಕೈಮುಗಿದಾಳು ಅಂದುಕೊಂಡಿದ್ದೆ.
ತಿರುಗಿಸಿ ಮುರುಗಿಸಿ ನೋಡಿ ಕೇಳಿದಳು:
"ತಲೆ ಬಿಟ್ಟು ಬಂದೆ ತಾನೇ?"