ಯೂಸ್ಡ್ ಟು

ವಾಸ್ಕೋದ ಚರ್ಚಿನ ಹಿಂದ, ತಗಡಿನ ಹಾಲಿನಾಗ
ಬುಧವಾರ, ಶುಕ್ರವಾರ ಸಂಜಿ ಏಳಕ್ಕ ಇಂಗ್ಲಿಷ್.
ಎಂಟು ಕುರ್ಚಿ, ಒಂದರ ಕಾಲು ಮುರದೈತಿ.
ತಡಮಾಡಿ ಬಂದವರು ಅದರ ಮ್ಯಾಲ ಕುಂದರಬೇಕು.
ಇವತ್ತು ನಾನು.

ಫ್ಯಾಕ್ಟರಿ ವಾಸನಿ ಇನ್ನೂ ಕೈಯಾಗೈತಿ.
ದಿನಾ ಸೀಗಡಿ ಸುಲಿಯೋ ಬಳ್ಳು ಪೆನ್ನು ಹಿಡದ್ರ
ಅಕ್ಷರನೂ ಸೀಗಡಿಯಂಗ ಬಾಗತಾವ.

ಎರ್ಮೆಲಿಂಡಾ ಟೀಚರು ಬೋರ್ಡಿನ ಮ್ಯಾಲ ಬರದ್ರು:
ಇನ್ ಮೈ ಪ್ಲೇಸ್, ಅಟ್ ಕ್ರಿಸ್‌ಮಸ್, ವೀ...
ಆಮ್ಯಾಲ ಒಂದು ಉದ್ದನ್ನ ಗೀಟು.
ಆ ಗೀಟಿನ ಮ್ಯಾಲ ನಮ್ಮ ನಮ್ಮ ಊರು ಕುಂದರಸಬೇಕಂತ.

ಸಲೂನಿನ ಇಮ್ನಾರೋ ಎದ್ದಳು: ವೀ ಕಿಲ್ ಪಿಗ್.
"ಅ ಪಿಗ್," ತಿದ್ದಿದ್ರು ಟೀಚರು.
"ಒಂದಲ್ಲ ಮ್ಯಾಡಮ್, ಊರಿಗೆಲ್ಲಾ ಬೇಕಲ್ಲ!"

ಬಂದರಿನ್ಯಾಗ ದುಡಿಯೋ ಸಿಲಾಸ್ ತಿರ್ಕಿ
ವೀ ಡ್ಯಾನ್ಸ್ ಅಂದು ಸುಮ್ಮನಾದ. ಆದ್ರ ಬಳ್ಳು
ಬೆಂಚಿನ ಮ್ಯಾಲ ಮಾಂದರ್ ಬಾರಸಾಕ ಹತ್ತಿದ್ವು.

ಬೋಗಮಾಳೊದ ಲ್ಯುದ್ಮಿಲಾ ಹೇಳಿದಳು:
ನಮ್ಮ ಹಬ್ಬ ಜನವರಿ ಏಳು.
ಹಿಂದಿನ ರಾತ್ರಿ ಮೊದಲನೇ ಚುಕ್ಕಿ ಮೂಡೂತನಕ ಊಟ ಇಲ್ಲ.
ಅಯ್ಯ, ಸಂಕಷ್ಟಿ! ಅಂದೆ ನಾನು, ಕನ್ನಡದಾಗ.
ಯಾರಿಗೂ ತಿಳೀಲಿಲ್ಲ. ನನಗ ಅಷ್ಟ ಸಾಕಾತು.

ನೇಪಾಳದ ವಾಚ್‌ಮನ್ ಭಕ್ತಬೀರ:
ಇನ್ ಮೈ ಪ್ಲೇಸ್, ಅಟ್ ಕ್ರಿಸ್‌ಮಸ್, ವೀ ಕೋಲ್ಡ್.
ಎಲ್ಲಾರೂ ನಕ್ಕರು, ಅಂವ ಎಲ್ಲಾರಿಗಿಂತ ಜೋರ ನಕ್ಕ.

ನನ್ನ ಪಾಳಿ.
ಗಜೇಂದ್ರಗಡದಾಗ ಕ್ರಿಸ್‌ಮಸ್ ಅಂದ್ರ ಸಾಲಿಗೆ ಸೂಟಿ, ಅಷ್ಟ.
ಆದ್ರ ಅದರ ಹಿಂದಮುಂದ ಎಳ್ಳ ಅಮಾಸಿ ಬರತೈತಿ.
ಬುತ್ತಿ ಹೊತ್ತು ಹೊಲಕ್ಕ ಹೋಗಿ ಚರಗ ಚೆಲ್ಲತೇವಿ,
ಬೆಳಿ ಹೊತ್ತ ಭೂಮಿಗೆ ಹಸಿವಾಗಿರತೈತಿ.
ಇದನ್ನ ಇಂಗ್ಲಿಷಿನಾಗ ಹೆಂಗ ಹೇಳಲಿ?
ವೀ ಥ್ರೋ ಫುಡ್. ಅರ್ತ್ ಈಟ್.
ಟೀಚರು ನಗಲಿಲ್ಲ.
ಬೋರ್ಡಿನ ಮ್ಯಾಲ ಬರದು, ಕಡೀಕ ಒಂದು 'ಸ್' ಹಚ್ಚಿದ್ರು.

"ನಿಮ್ಮನ್ಯಾಗ, ಟೀಚರ್?" ಕೇಳಿದ್ದು ಇಮ್ನಾರೋ.
ಸೀಮಿಸುಣ್ಣ ಗಾಳ್ಯಾಗ ನಿಂತಿತು.
ಆಮ್ಯಾಲ ಬರದ್ರು, ಎಂದಿನಂಗ ಗುಂಡನ್ನ ಅಕ್ಷರ:
ಮೈ ಹಸ್‌ಬಂಡ್ ಯೂಸ್ಡ್ ಟು ಹ್ಯಾಂಗ್ ದ ಸ್ಟಾರ್.
"ಯೂಸ್ಡ್ ಟು ಅಂದ್ರ, ಮೊದಲು ಇತ್ತು, ಈಗ ಇಲ್ಲ.
ನಕ್ಷತ್ರ ಅಟ್ಟದ ಮ್ಯಾಲೈತಿ.
ಸಾವಾದ ಮನ್ಯಾಗ ಈ ವರ್ಷ ಎಣ್ಣಿ ಇಡೂದಿಲ್ಲ,
ನೆವ್ರಿ ಕರಿಯೂದಿಲ್ಲ. ಓಣಿಯವರು ತಾಟು ಕಳಸ್ತಾರ,
ಅದಕ್ಕ ಕೊನ್ಸುವಾದ ಅಂತಾರ. ಈಗ ಎಲ್ಲಾರೂ
ಯೂಸ್ಡ್ ಟು ಹಾಕಿ ಐದು ವಾಕ್ಯ."

ರೂಮಿನ್ಯಾಗ ಪುಸ್ತಕ ತಗದು ಕುಂತೆ.
ಹಚ್ಚತಾರ. ಹಚ್ಚತಿದ್ರು.
ನಮ್ಮ ಮಾತಿನ್ಯಾಗ ಹೋದವರೂ
ಆ ಬಾಲದ ಒಳಗ 'ಇದ್ರು' ಅಂತ ಕುಂತಿರತಾರ.
ಇಂಗ್ಲಿಷಿನಾಗ ಹುಡಕಿದೆ, ಸಿಗಲಿಲ್ಲ.
ನನಗ ಬರೋ ಇಂಗ್ಲಿಷರ ಎಷ್ಟು?

ಇಪ್ಪತ್ನಾಕಕ್ಕ ಅರ್ಧ ದಿನ ರಜಾ ಹಾಕಿ
ಬಾಯಣಾದ ರೂಮಿನ್ಯಾಗ ಕರಿಗಡಬು ಕರದೆ.
ಸೀಗಡಿ ವಾಸನಿ ಹೋಗಲೆಂತ ಕೈಗೆ
ಮೂರು ಸಲ ನಿಂಬಿಹಣ್ಣು ತಿಕ್ಕಿದೆ.

ಬಂದವರು ನಾವು ಮೂರೇ ಮಂದಿ. ಸಿಲಾಸಗ ಪಾಳಿ,
ಭಕ್ತಬೀರಗ ಗೇಟು. ಇಮ್ನಾರೋ ಕೇಕು ತಂದಿದ್ದಳು,
ಲ್ಯುದ್ಮಿಲಾ ಎರಡು ಸೇಬು.
ಓಣಿ ತುಂಬ ನಕ್ಷತ್ರ ಹತ್ತಿದ್ವು.
ಒಂದು ಬಾಗಲಕ್ಕಷ್ಟ ಕತ್ತಲಿತ್ತು, ಹುಡಕೂದು ಸುಲಭ ಆತು.

"ನೆವ್ರಿ!" ಅಂದ್ರು ಟೀಚರು.
"ನೋ ಟೀಚರ್, ಕರಿಗಡಬು."
ಕಡದು, ಒಳಗ ನೋಡಿದ್ರು:
ಕೊಬ್ಬರಿ ಇರೂ ಜಾಗಾದಾಗ ಎಳ್ಳು.
ಬಾಳ ಹೊತ್ತು ಅಗದ್ರು. ಏನೂ ತಿದ್ದಲಿಲ್ಲ.

ಬರೇ ತಾಟು ತಿರುಗಿ ಕೊಡಬಾರದಂತ, ಅವರಲ್ಲೂ.
ಅಡಿಗಿ ಮನ್ಯಾಗ ಡಬ್ಬಿ ತಡಕಾಡೋ ಸಪ್ಪಳ ಕೇಳಿಸಿತು.
ಕಡೀಕ ತಾಟಿನ್ಯಾಗ ನನ್ನ ನೋಟ್‌ಬುಕ್ ಇಟ್ಟು ತಂದ್ರು,
ಅದರ ಮ್ಯಾಲ ಒಂದು ಚಿಟಿಕಿ ಸಕ್ರಿ.

ಇಳಜಾರಿನ್ಯಾಗ ಬರುವಾಗ ಬಂದರು ಕಾಣತಿತ್ತು.
ಯಾವುದು ಚುಕ್ಕಿ, ಯಾವುದು ಹಡಗಿನ ದೀಪ,
ಗೊತ್ತಾಗಲಿಲ್ಲ.
ಲ್ಯುದ್ಮಿಲಾನ ಕೇಳಿದೆ.
ನನಗ ಇನ್ನ ಹದಿಮೂರು ದಿನ ಐತಿ, ಅಂದಳು,
ಬಳ್ಳಿಗೆ ಹತ್ತಿದ ಎಳ್ಳು ನೆಕ್ಕೋತ.