ನಾಕ ಇಪ್ಪತ್ತು, ಮ್ಯಾಲ ಹತ್ತು

ತೊಂಬತ್ತಕ್ಕೆ ಫ್ರೆಂಚಿನಲ್ಲಿ ಸ್ವಂತ ಹೆಸರಿಲ್ಲ.
ಕಾತ್ರ್ ವ್ಯಾಂ ದಿಸ್, ಅಂದರು ತಡಕೋಡ ಮೇಡಂ,
ನಾಲ್ಕು ಇಪ್ಪತ್ತು, ಹತ್ತು.
ಕ್ಲಾಸು ನಕ್ಕಿತು.
ಕ್ಲಾಸು ಅಂದರೆ ಮೆಹಬೂಬ ನದಾಫ,
ಕೇಶ್ವಾಪುರದ ಸಿಸ್ಟರ್ ಲವೀನಾ,
ಕಾಲ್ ಸೆಂಟರಿಗೆಂದೇ ಸೇರಿಕೊಂಡ ಸಂಕೇತ ಮುರಗೋಡ,
ಮತ್ತೆ ನಾನು.
ನಾಲ್ಕು ಮಂದಿಗೆ ನಲವತ್ತು ಬೆಂಚು.

ನಾ ನಗಲಿಲ್ಲ.
ನಮ್ಮವ್ವ ಬಸಲಿಂಗವ್ವ ರೊಟ್ಟಿ ಎಣಿಸುವುದೇ ಹಂಗ.
ಹಳೇ ಹುಬ್ಬಳ್ಳಿಯ ತಗಡಿನ ಕೋಣೆ, ನಸುಕು,
ಇಪ್ಪತ್ತು ರೊಟ್ಟಿಗೊಂದು ಶೇಂಗಾಬೀಜ ತಾಟಿನ ಅಂಚಿಗೆ.
ಖಾನಾವಳಿಯ ಹುಡುಗ ಸೈಕಲ್ ನಿಲ್ಲಿಸಿ ಎಷ್ಟಾತಬೇ ಅಂದರೆ
ಬೀಜ ನೋಡಿ ಹೇಳುತ್ತಾಳೆ:
ನಾಕ ಇಪ್ಪತ್ತು, ಮ್ಯಾಲ ಹತ್ತು.
ಏಳನೇ ಇಯತ್ತೆಯಲ್ಲಿ ನಾನೇ ತಿದ್ದಿದ್ದೆ,
ಗೆಳತಿಯರ ಎದುರು, ಕಿವಿ ಕೆಂಪಾಗಿ:
ತೊಂಬತ್ತು ಅನ್ನಬೇಕವಾ, ತೊಂಬತ್ತು.
ಹೂಂ, ತೊಂಬತ್ತು, ಅಂದಳು ಅವ್ವ.
ನಾ ಸಾಲಿಗೆ ಹೋದ ಮೇಲೆ
ಮತ್ತೆ ಬೀಜದ ಲೆಕ್ಕಕ್ಕೇ ಮರಳಿರಬೇಕು.

ಸಪ್ತಾಪುರದಲ್ಲಿ ನನ್ನ ರೂಮಿನ ಸುತ್ತಲೂ
ಪಿಎಸ್‌ಐ, ಎಫ್‌ಡಿಎ, ಕೆಎಎಸ್.
ಗೋಡೆಯಾಚೆ ಯಾರೋ ಉಪನದಿಗಳನ್ನು ಉರು ಹೊಡೆಯುವಾಗ
ಈಚೆ ನಾನು ಮೂಗಿನೊಳಗೆ ಸ್ವರ ಹುಡುಕುತ್ತೇನೆ,
ಅಂ, ಆಂ, ಓಂ.
ನೆಗಡಿ ಅಂದುಕೊಂಡು ಮಾಲಕಿ ಕಷಾಯ ತಂದುಕೊಟ್ಟರು,
ಲೋಟ ಖಾಲಿಯಾಗುವತನಕ ನಿಂತು ಕೇಳಿದರು:
ಇದನ್ನ ಕಲತ್ರ ಮುಂದ ಏನಾಗತೈತಿ?
'ಆಗು' ಅನ್ನುವುದಕ್ಕೆ ಆ ವಾರವಷ್ಟೇ
ಮೂರು ಕ್ರಿಯಾಪದ ಕಲಿತಿದ್ದೆ.
ಒಂದೂ ಬಾಯಿಗೆ ಬರಲಿಲ್ಲ.

ಎರಡನೇ ಸೆಮಿಸ್ಟರಿನಲ್ಲಿ ತಿಳಿಯಿತು:
ಟೇಬಲ್ಲು ಹೆಣ್ಣು, ಕುರ್ಚಿ ಹೆಣ್ಣು,
ಹಿಟ್ಟು ಹೆಣ್ಣು, ಉಪ್ಪು ಮಾತ್ರ ಗಂಡು.
ಚಂದ್ರ ಸುದ್ದಾ ಹೆಣ್ಣು.
ನಮ್ಮ ಕಡೆ, ಮೇಡಂ, ಹುಡುಗಿಯೇ ನಪುಂಸಕ.
ವರ್ಕಶಾಪಿನ ಎಣ್ಣೆಗೈಯಲ್ಲಿ ಬಾಗಿಲು ದೂಡಿ ಅಪ್ಪ ಕೇಳುತ್ತಿದ್ದ,
ತಂಗಿ ಬಂತೇನು? ಉಂಡೈತೇನು?
ಬಂತು. ಉಂಡೈತಿ. ಓದಾಕ ಕುಂತೈತಿ.
ಬಸ್ಸು ಬಂತು, ಆಕಳು ಬಂತು, ಮಳಿ ಬಂತು, ಮಗಳು ಬಂತು.
ಮುದ್ದಿನಿಂದಲೇ ಅಂದದ್ದು.
ಆ 'ಅದು'ವಿನೊಳಗೆ ಎಷ್ಟು ಬೆಲ್ಲವಿತ್ತು, ನನಗೆ ಗೊತ್ತು.
ಆದರೂ ಆ ಮಧ್ಯಾಹ್ನ, ಇಂಕಿನ ಕಲೆಯ ಮುರುಕು ಟೇಬಲ್ಲಿಗೆ
'ಎಲ್' ಅಂದರು ಮೇಡಂ, 'ಅವಳು'.
ಅದರ ಮುಂದೆ ಕೂತ ನನಗೆ ಹೊಟ್ಟೆಕಿಚ್ಚಾಯಿತು.
ಅದರ ಒಂದು ಕಾಲು ಅಲ್ಲಾಡುತ್ತಿತ್ತು.
ತಪ್ಪು. ಅವಳ ಕಾಲು.

ಸಂಸ್ಕೃತಿಯ ಪೇಪರಿಗೆ ಚೀಸುಗಳು ಬಂದವು,
ನಾವ್ಯಾರೂ ಮೂಸಿಯೂ ನೋಡದ ಹದಿನೆಂಟು ಚೀಸು,
ಯಾವುದು ಆಡಿನದು, ಯಾವುದು ಕುರಿಯದು, ಯಾವ ಗವಿಯಲ್ಲಿ ಎಷ್ಟು ತಿಂಗಳು.
ಮೆಹಬೂಬ ನಕಾಶೆ ಸಮೇತ ಬರೆದು ಹತ್ತಕ್ಕೆ ಒಂಬತ್ತು ಹೊಡೆದ.
ಅಂದು ರಾತ್ರಿ ಊರಿಂದ ತಂದ ಡಬ್ಬಿ ಬಿಚ್ಚಿದೆ.
ಗುರೆಳ್ಳು, ಅಗಸಿ, ಪುಟಾಣಿ, ಶೇಂಗಾ, ತಳದಲ್ಲಿ ಕೆಂಪಿಂಡಿ.
ಅಲ್ಲೆಲ್ಲೋ ಒಂದು ಹಾಸ್ಟೆಲಿನಲ್ಲಿ ಒಬ್ಬ ಹುಡುಗಿ
ಗುರೆಳ್ಳಿಗೂ ಅಗಸಿಗೂ ವ್ಯತ್ಯಾಸ ಬಾಯಿಪಾಠ ಮಾಡುತ್ತ
ನಿದ್ದೆಗೆಡುತ್ತಿರಲಿ, ಒಂದೇ ಒಂದು ರಾತ್ರಿ.
ಈ 'ಗೆಡುತ್ತಿರಲಿ'ಗೆ ಅವರಲ್ಲಿ ಬೇರೆಯೇ ವ್ಯಾಕರಣವಿದೆ,
ಬಯಕೆಗೆ, ಸಂಶಯಕ್ಕೆ, ಅಂಜಿಕೆಗೆ, ಮೂರಕ್ಕೂ ಅದೊಂದೇ.

ಮೌಖಿಕ ಪರೀಕ್ಷೆಗೆ ಪುಣೆಯಿಂದ ಬಂದವರು ಕೇಳಿದರು,
ನಿಮ್ಮ ತಾಯಿ ಏನು ಮಾಡುತ್ತಾರೆ?
ರೊಟ್ಟಿ ಮಾಡುತ್ತಾಳೆ.
ದಿನಕ್ಕೆ ಎಷ್ಟು?
ಎರಡು ವರ್ಷದಲ್ಲಿ ಮೊದಲ ಸಲ
ನಾನು ಮನಸ್ಸಿನೊಳಗೆ ಅನುವಾದ ಮಾಡಲಿಲ್ಲ.
ಕಾತ್ರ್ ವ್ಯಾಂ ದಿಸ್.

ಚಿಗರಿ ಬಸ್ಸಿನಲ್ಲಿ ನಿಂತೇ ಹುಬ್ಬಳ್ಳಿಗೆ ಬಂದೆ.
ಮರುದಿನ ನಸುಕಿನಾಗ ಒಲೆಯ ಪಕ್ಕ ಕೂತು ಹೇಳಿದೆ:
ಅವ್ವಾ, ಒಂದಿಡೀ ದೇಶ ನಿನ್ನಂಗ ಎಣಸತೈತಿ.
ಹಿಟ್ಟಿನ ಕೈ ಹಂಗೇ ನಿಂತಿತು.
ಹಂಗಾರ ಆ ಮಂದೀನೂ ಸಾಲಿ ಕಲತಿಲ್ಲೇನ, ಪಾಪ?

ಇಲ್ಲವಾ, ಕಲತಾರ, ಅಂತ ಶುರು ಮಾಡಿ
ಏನೇನು ಹೇಳಿದೆನೋ,
ಮಾತಿನ ಭರದಲ್ಲಿ ತಾಟಿನ ಬೀಜವೊಂದು ಬಾಯಿಗೆ ಹೋಗಿತ್ತು.
ಆ ದಿನ ಖಾನಾವಳಿಗೆ
ಇಪ್ಪತ್ತು ರೊಟ್ಟಿ ಹೆಚ್ಚಿಗೆ ಹೋದವು.