ತಕ್ಕಡಿಯ ಮುಳ್ಳು

ತಾನೆಗಾಶಿಮಾದ ಈ ಬಂದರಿನಲ್ಲಿ ಮೂವತ್ತೊಂದು ವರ್ಷ
ಮೀನು ತೂಗಿದವಳು ನಾನು, ಹಿದಕಾ ಕಿನುಯೊ.
ನನ್ನ ಬಾಯಿ ಸುಳ್ಳಾಡಿರಬಹುದು,
ತಕ್ಕಡಿ ಆಡಿಲ್ಲ.
ಕಣ್ಣಳತೆಯಲ್ಲೇ ಹೇಳಿಬಿಡುತ್ತೇನೆ:
ಈ ಹಾರುಮೀನಿನ ಬುಟ್ಟಿ ಹನ್ನೊಂದು ಕಿಲೋ,
ಅದರಲ್ಲೊಂದು ಕಿಲೋ ಬರೀ ಮಂಜುಗಡ್ಡೆ,
ಸಮೆಶಿಮಾನ ಹಳೆಯ ಚಾಳಿ.

ಇಂದು ದೋಣಿಗಳೆಲ್ಲ ದಡದಲ್ಲೇ.
ಗುಡ್ಡದಾಚೆ ರಾಕೆಟ್ಟು ನಿಂತಿದೆ;
ಅದು ಏಳುವವರೆಗೆ ಕಡಲು ನಮ್ಮದಲ್ಲ.
ಕಾಗದವಾಗಿದೆ, ಪರಿಹಾರ ಬರುತ್ತದೆ, ಆದರೂ ಗಂಡಸರು
ಬಲೆ ಹೊಲಿಯುವ ನೆಪದಲ್ಲಿ ಬೈಯುತ್ತ ಕೂತಿದ್ದಾರೆ.

ಹೋದ ವಾರ ಬಂದಿದ್ದ ಆ ಎಂಜಿನಿಯರು ಹುಡುಗ,
ಗೆಣಸಿನ ಸಾರಾಯಿಯ ಬಾಟಲಿ ಎರಡೂ ಕೈಯಲ್ಲಿ ಹಿಡಿದು
ಸೊಂಟದವರೆಗೆ ಬಾಗಿದ.
ಹಿಂದಿನದು ಕೆಟ್ಟಿತ್ತಲ್ಲ.
ದಾರಿ ತಪ್ಪಿತೆಂದು ಅವರೇ ಅದನ್ನು ಆಕಾಶದಲ್ಲಿ ಒಡೆದರು:
ಹತ್ತು ವರ್ಷದ ಕೆಲಸ,
ಒಂದು ಗುಂಡಿ.

"ಈ ಸಲ ಎಷ್ಟು ತೂಕ?"
ಬೇರೇನು ಕೇಳಲಿ, ನನಗೆ ಬರುವುದು ಅದೊಂದೇ ಪ್ರಶ್ನೆ.
"ಉಪಗ್ರಹ ಆರು ಟನ್ನು, ಅಜ್ಜಿ.
ನಾನು ಸೇರಿದ ಮೇಲೆ ಇಷ್ಟು ಭಾರ ಎತ್ತಿದ್ದೇ ಇಲ್ಲ."
"ಕರುಳು ಸೇರಿಸಿಯೋ, ತೆಗೆದೋ?"
ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ನಕ್ಕ.
"ಸೇರಿಸಿ. ಅರ್ಧಕ್ಕರ್ಧ ಇಂಧನವೇ."
"ಹಾಗಾದರೆ ಮೂರು ಅನ್ನು. ಮೇಲೆ ಹೋದ ಮೇಲೆ?"
"ಅಲ್ಲಿ ತೂಕವೇ ಇಲ್ಲ."
ಹೀಗೂ ಉಂಟೆ!
ಏನೂ ತೂಗದ ಊರಿಗೆ ಕಳಿಸಲು
ಗ್ರಾಂ ಗ್ರಾಂ ಲೆಕ್ಕ ಹಾಕಿ ಇಷ್ಟೊಂದು ತೂಗುವುದು.

ಅವನ ಅಂಗಿಯ ಕಾಲರು ಸಡಿಲವಾಗಿತ್ತು.
ಐವತ್ತೆರಡು, ಕಣ್ಣಳತೆಯಲ್ಲಿ.
ಚಳಿಗಾಲದಲ್ಲಿ ಐವತ್ತೆಂಟಿದ್ದ.

ಈಗ ಹತ್ತು ಗಂಟೆ ಹದಿನೇಳು ನಿಮಿಷ.
ಮೊದಲು ಬೆಳಕು, ಆಮೇಲೆ ಹೊಗೆ,
ಗುಡ್ಡದ ತಲೆಯ ಮೇಲೆ ಇನ್ನೊಂದು ಗುಡ್ಡ ಎದ್ದಂತೆ.
ಸದ್ದು ಇಲ್ಲಿಗೆ ತಡವಾಗಿ ಬರುತ್ತದೆ,
ಎದೆಗೂಡಿಗೆ ಮೊದಲು, ಕಿವಿಗೆ ಆಮೇಲೆ.
ಬೈಯುತ್ತಿದ್ದವರು ಎದ್ದು ನಿಂತರು. ಸಮೆಶಿಮಾ ಟೋಪಿ ತೆಗೆದ.
ನಾನು ಮೇಲೆ ನೋಡಲಿಲ್ಲ.

ತೊಳೆದಿಟ್ಟ ಖಾಲಿ ತಟ್ಟೆ. ಅದರ ಮುಳ್ಳು
ಯಾರದೋ ಗಂಟಲಿಗೆ ಸಿಕ್ಕ ಮುಳ್ಳಿನ ಹಾಗೆ ಚಡಪಡಿಸಿ
ಸೊನ್ನೆ ಬಿಟ್ಟು ಒಂದಕ್ಕೆ, ಒಂದೂವರೆಗೆ,
ಮತ್ತೆ ಒಂದಕ್ಕೆ,
ಬಹಳ ಹೊತ್ತಿನ ಮೇಲೆ ಸೊನ್ನೆಗೆ ಬಂದು ನಿಂತಿತು.

ಹತ್ತಿತೋ ಬಿತ್ತೋ, ರೇಡಿಯೋ ಇನ್ನೂ ಹೇಳಿಲ್ಲ.
ತಿಳಿಯಲು ಅರ್ಧ ಗಂಟೆ ಬೇಕಂತೆ.
ಖಾತೆ ಪುಸ್ತಕ ತೆರೆದು ತಾರೀಕು ಹಾಕಿದೆ.
ಮೀನು: ಇಲ್ಲ.
ತೂಕದ ಮನೆ ಖಾಲಿ ಬಿಟ್ಟಿದ್ದೇನೆ,
ಪೆನ್ನಿಗೆ ಮುಚ್ಚಳ ಹಾಕಿಲ್ಲ.